ಮನೆ ಅಳಿಯನ ಕಂಪೈಲರ್

ಮನೆ ಅಳಿಯ ಅಂದರೆ ಇವನೇ ಸೈ: ಕೆಮ್ಮು ಬಂದರೆ ಬಚ್ಚಲಿಗೆ ಓಡುತ್ತಾನೆ, ಕುಡಿದ ಲೋಟವನ್ನು ಅತ್ತೆಯ ಕಣ್ಣಿಗೆ ಬೀಳುವ ಮೊದಲೇ ತೊಳೆದಿಡುತ್ತಾನೆ. ಅವನ ಕೆಲಸವೂ ಅಂಥದ್ದೇ. ಬರೀ ಆವರಣಚಿಹ್ನೆಗಳೇ ತುಂಬಿರುವ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯ ಒಂದು ಪ್ರಭೇದಕ್ಕೆ ಕಂಪೈಲರ್ ಎಂಬ ಅನುವಾದಕ ಕಟ್ಟುತ್ತಿದ್ದಾನೆ, ಅದೂ ಬೇರೊಂದು ಭಾಷೆಯ ರನ್‌ಟೈಮ್ ಒಳಗೆ, ಅಂದರೆ ಆ ಭಾಷೆಯ ಪ್ರೋಗ್ರಾಮುಗಳು ಓಡುವ ಮನೆಯೊಳಗೆ. ಮೆಮೊರಿಯ ಜಾಗ ಆ ಭಾಷೆಯದು, ಅಲ್ಲಿ ಬಳಸಿ ಬಿಟ್ಟ ಕಸ ಗುಡಿಸುವುದೂ ಅದೇ. ಪ್ರೋಗ್ರಾಮ್ ಎಡವಿದರೆ ಪರದೆಯ ಮೇಲೆ ಆ ಭಾಷೆಯ ಹೆಸರಲ್ಲೇ ದೂರು ಮೂಡುತ್ತದೆ. ಇವನು ನಾಚಿ ನೀರಾಗಿ ಅದನ್ನು ನಡುವೆಯೇ ತಡೆದು, "ಕ್ಷಮಿಸಿ, ತಪ್ಪು ನನ್ನದು" ಎಂದು ಬರುವಂತೆ ಮಾಡಿದ್ದಾನೆ. "ನಮ್ಮ ಅಳಿಯ ಒಂದು ಭಾಷೇನೇ ಕಟ್ತಿದಾರೆ!" ಎಂದು ಮಾವ ಬಂದವರೆದುರು ಹಿಗ್ಗಿದರೆ, "ಇಲ್ಲ ಮಾವ, ಸುಮ್ನೆ ಒಂದು ಮೂಲೇಲಿ ಇಟ್ಕೊಂಡಿದೀನಿ" ಎಂದು ನೆಲ ನೋಡುತ್ತಾನೆ. "ಅಯ್ಯೋ, ಸ್ವಲ್ಪ ಆರಾಮಾಗಿ ಕೂತ್ಕೊಳ್ಳಿ ಅಳಿಯಂದಿರೇ" ಎಂದು ಅತ್ತೆ ಗದರುತ್ತಾರೆ. ಮದುವೆಯಾದ ವಾರವೇ ಮಾವ ತಮ್ಮ ಬಟ್ಟೆಗಳನ್ನು ಸರಿಸಿ ಅರ್ಧ ಬೀರು ಬಿಟ್ಟುಕೊಟ್ಟಿದ್ದರು. ಈಗ ಇವನ ಮಗಳೇ ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಇವನ ಅಂಗಿಗಳು ಇನ್ನೂ ಮಂಚದ ಕೆಳಗಿನ ಸೂಟ್‌ಕೇಸಿನಲ್ಲೇ ಇವೆ. ಪ್ರತಿ ಭಾನುವಾರ ಮಾವ ಬೀರುವಿನ ಆ ಖಾಲಿ ಅರ್ಧದ ಧೂಳು ಒರೆಸುವಾಗ, ಇವನು ಕಂಪ್ಯೂಟರಿನಿಂದ ತಲೆ ಎತ್ತುವುದಿಲ್ಲ.