ಮಲಾಕಿ ರುವೇನ್ ಪ್ರತಿವರ್ಷ ಮಂಡಿಸಿದ ಠರಾವು

ಮೇಯೋ ಜಿಲ್ಲೆಯ ಆ ಕಡಲತೀರದ ಹೆಂಗಸರು ಕಡಲಪಾಚಿ ಆಯಲು ತಲೆತಲಾಂತರದಿಂದ ಇಳಿಯುತ್ತಿದ್ದ ಕಾಲುದಾರಿಗೆ ೧೯೭೩ರಲ್ಲಿ ಬೀಗ ಬಿತ್ತು. ಜಮೀನು ಕೊಂಡ ಹೊಸಬ ಗೇಟು ಹಾಕಿಸಿದ್ದ. ಹೆಂಗಸರ ಪರವಾಗಿ ನಿಂತ ವಕೀಲ ಮಲಾಕಿ ರುವೇನ್‌ಗೆ ಆಗ ಇಪ್ಪತ್ತೆಂಟು. ನ್ಯಾಯಾಧೀಶರು ದಾಖಲೆ ಕೇಳಿದರು. ಕಾಲಿನಿಂದ ಸವೆದ ದಾರಿಗೆ ದಾಖಲೆ ಎಲ್ಲಿಂದ ಬರಬೇಕು? ಕೇಸು ಬಿದ್ದುಹೋಯಿತು.

ಕೋರ್ಟಿನ ಮೆಟ್ಟಿಲ ಮೇಲೆ ಆನರ್ ಲಾವೆಲ್ ಅವನನ್ನು ತಡೆದು ನಿಲ್ಲಿಸಿದಳು. ದಾವೆ ಹೂಡಿದವಳು ಅವಳೇ.

"ಇಲ್ಲಿ ಆಗ್ಲಿಲ್ಲ. ಎಲ್ಲಾಗತ್ತೆ ಅದನ್ನ ಹೇಳು ಮಗಾ."

"ಕೌಂಟಿ ಕೌನ್ಸಿಲ್ ಮನಸ್ಸು ಮಾಡಿದ್ರೆ ದಾರೀನ ಸಾರ್ವಜನಿಕ ಅಂತ ಘೋಷಿಸ್ಬಹುದು, ಮಿಸೆಸ್ ಲಾವೆಲ್."

"ಹಾಗಾದ್ರೆ ಅಲ್ಲಿಗೆ ಹೋಗು. ಇಲ್ಲಿ ನಿಂತ್ಕೊಂಡು ಏನ್ಮಾಡ್ತೀಯ?"

ರಾಜಕೀಯ ಅವನ ತಲೆಯಲ್ಲೇ ಇರಲಿಲ್ಲ. ಆದರೂ ಮರುವರ್ಷ ಜೂನ್‌ನಲ್ಲಿ ಜಿಲ್ಲೆಯ ಆಡಳಿತ ನಡೆಸುವ ಆ ಕೌನ್ಸಿಲ್‌ನ ಚುನಾವಣೆಗೆ ನಿಂತು, ಮನೆಮನೆ ಸುತ್ತಿ, ಕೊನೆಯ ಸೀಟನ್ನು ಹೇಗೋ ಗೆದ್ದುಕೊಂಡ. ಆಮೇಲೆ ಪ್ರತಿ ಶನಿವಾರ ಪಬ್ಬಿನ ಹಿಂದಿನ ಕೋಣೆಯಲ್ಲಿ ಕೂತು ಪಿಂಚಣಿ ಅರ್ಜಿ, ಕಟ್ಟಿಕೊಂಡ ಚರಂಡಿ, ಸೋರುವ ಸೂರು ಎಲ್ಲ ವಿಚಾರಿಸಿದ. ವರ್ಷಕ್ಕೊಮ್ಮೆ ದಾರಿಯ ಠರಾವು ತಂದ. ಪ್ರತಿವರ್ಷವೂ ಅದು ಬಿತ್ತು.

"ಬಂತು ನೋಡ್ರಪ್ಪಾ ಮಲಾಕಿ ದಾರಿ! ಎಲ್ರೂ ಬೂಟ್ ಹಾಕ್ಕೊಳ್ಳಿ," ಎಂದು ಎದುರು ಸಾಲಿನ ಸದಸ್ಯ ಫೆಸ್ಟಸ್ ಡೀನ್ ಸಭೆಯನ್ನೆಲ್ಲ ನಗಿಸುತ್ತಿದ್ದ.

ಮಲಾಕಿ ನಗುವವರನ್ನು ನಗಲು ಬಿಟ್ಟು ಮುದುಕರ ಮನೆಗಳಿಗೆ ನಡೆದ. ಆ ದಾರಿ ತುಳಿದವರಿಂದ ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿಕೊಂಡ. ಅವರಲ್ಲಿ ಫೆಸ್ಟಸ್‌ನ ತಾಯಿ ಬ್ರೀಜ್ ಕೂಡ ಒಬ್ಬಳು. ಸಹಿ ಹಾಕಿದವಳು ಕಾಗದದ ಮೇಲಿಂದ ಕೈ ತೆಗೆಯಲಿಲ್ಲ.

"ನಾನು ಸಾಯೋವರ್ಗೂ ಇದನ್ನ ಓದ್ಬೇಡ ಕಣಪ್ಪ. ಮಗನ ಜೊತೆ ಜಗಳ ಬೇಡ ನಂಗೆ."

"ಆಯ್ತು," ಎಂದ ಮಲಾಕಿ. ಇದೊಂದನ್ನು ಸಭೆಯಲ್ಲಿ ಓದಿದರೆ ಸಾಕು, ಠರಾವು ಗೆಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಓದಲಿಲ್ಲ.

೧೯೯೧ರ ಚುನಾವಣೆಯಲ್ಲಿ ಮಲಾಕಿ ಏಳು ಮತಗಳಿಂದ ಸೋತ. ಮರುದಿನ ಬೆಳಿಗ್ಗೆ ಆನರ್ ಅವನ ಆಫೀಸಿಗೆ ಬಂದಳು.

"ಬೇಜಾರಾ?"

"ಇಲ್ಲ ಅಂದ್ರೆ ಸುಳ್ಳಾಗತ್ತೆ."

"ಬೇಜಾರ್ ಮಾಡ್ಕೋ, ಸಂಜೆವರ್ಗೂ. ನಾಳೆ ನಮ್ಮ ಓಣಿ ಚರಂಡಿ ನೋಡ್ಬಾ. ಸೋತೋರಿಗೆ ಚರಂಡಿ ಕಾಣ್ಸಲ್ವಾ?"

ಎಂಟು ವರ್ಷ ಸೀಟಿಲ್ಲದೆಯೇ ಅವನ ಶನಿವಾರಗಳು ನಡೆದವು. ಮುಂದಿನ ಚುನಾವಣೆಯಲ್ಲಿ ಊರು ಅವನಿಗೆ ಎಲ್ಲರಿಗಿಂತ ಹೆಚ್ಚು ಮತ ಕೊಟ್ಟು ಕೌನ್ಸಿಲ್‌ಗೆ ವಾಪಸು ಕಳಿಸಿತು. ಠರಾವೂ ಮತ್ತೆ ಬಂತು, ಮತ್ತೆ ಬಿತ್ತು.

ಬ್ರೀಜ್ ತೊಂಬತ್ತೆಂಟು ವರ್ಷ ಬದುಕಿ ತೀರಿಕೊಂಡಳು. ಮಲಾಕಿ ಶವಸಂಸ್ಕಾರಕ್ಕೆ ಹೋಗಿಬಂದ, ತಿಂಗಳು ಕಳೆಯಲೆಂದು ಕಾದ. ನಂತರ ಹೇಳಿಕೆಯ ಪ್ರತಿಯನ್ನು ಫೆಸ್ಟಸ್‌ನ ಮನೆಗೇ ಒಯ್ದು ಕೊಟ್ಟ. ಸಭೆಯ ಮುಂದೆ ಅವನನ್ನು ಬೀಳಿಸುವ ಆಸೆ ಇರಲಿಲ್ಲ. ಫೆಸ್ಟಸ್ ಬಾಗಿಲಲ್ಲೇ ನಿಂತು ಓದಿದ: ಬಸುರಿಯಾಗಿದ್ದಾಗಲೂ, ಕೂಸು ಫೆಸ್ಟಸ್‌ನನ್ನು ಬೆನ್ನಿಗೆ ಕಟ್ಟಿಕೊಂಡೂ ತಾನು ಆ ದಾರಿ ಇಳಿದಿದ್ದೆ ಎಂದು ತಾಯಿ ಬರೆಸಿದ್ದಳು.

"ಎಷ್ಟು ವರ್ಷ ಆಯ್ತು ನಿನ್ ಹತ್ರ ಇದು?"

"ಹದಿನಾರು."

"ಹದಿನಾರು ವರ್ಷ ನನ್ನ ನಗೋಕೆ ಬಿಟ್ಯಲ್ಲೋ ಮಾರಾಯ!"

ಆ ಸಲದ ಸಭೆಯಲ್ಲಿ ದಾರಿಯ ಪರ ಕೈ ಎತ್ತಿದವರಲ್ಲಿ ಫೆಸ್ಟಸ್ ಮೊದಲಿಗ. ಠರಾವು ಎರಡು ಮತಗಳಿಂದ ಗೆದ್ದಿತು.

ಗೇಟು ಕಿತ್ತ ದಿನ ಭಾಷಣ ಮಾಡಲು ಮಲಾಕಿ ಗಂಟಲು ಸರಿಮಾಡಿಕೊಂಡ. ಎಪ್ಪತ್ತಾರರ ಆನರ್ ಅವನ ಕೈಗೆ ಬುಟ್ಟಿ ಕೊಟ್ಟು ಬೂಟು ಬಿಚ್ಚಿಸಿದಳು. ಐವತ್ತೇಳು ವರ್ಷದ ವಕೀಲ ಪ್ಯಾಂಟು ಮಡಚಿ ತಣ್ಣನೆ ನೀರಿಗಿಳಿದು, ಬಂಡೆಯಿಂದ ಪಾಚಿಯನ್ನು ಬುಡಸಮೇತ ಕಿತ್ತ. ಆನರ್ ಕೂಗಿದಳು:

"ಅಯ್ಯೋ, ಬುಡ ಉಳ್ಸೋ! ಮುಂದಿನ ವರ್ಷ ಬೆಳೀಬೇಕಲ್ವಾ?"