ಎಡಗೈಯ ಕಡೆಗೋಲು

ನನ್ನ ಅಮ್ಮ ಪಂಕಜಾ ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಎಪ್ಪತ್ತರ ದಶಕದಲ್ಲಿ ಮುಂಬಯಿಗೆ ಟ್ರಂಕ್ ಕಾಲ್ ಮಾಡಿದ ಉಡುಪಿಯವರಲ್ಲಿ ಹೆಚ್ಚಿನವರು ಅವಳ ಸ್ವರ ಕೇಳಿದವರೇ. ಲೈನ್ ಸಿಗಲಿಲ್ಲ ಎಂದು ಅವಳು ಹೇಳಿದರೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲವಂತೆ. ಮನೆಯಲ್ಲಿ ನಮ್ಮನ್ನು ಬೈಯುವಾಗ ಆ ಸ್ವರ ಎಲ್ಲಿ ಹೋಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಮನೆ ಕಾಪುವಿನಲ್ಲಿ. ಅಪ್ಪ ತಾರಾನಾಥ ಹಿರಿಯಡ್ಕದ ಶಾಲೆಯಲ್ಲಿ ಮೇಷ್ಟ್ರು. ನಾನು ಹೇಳಹೊರಟ ಸಂಗತಿ ನಡೆದ ೧೯೭೯ರಲ್ಲಿ ನನಗೆ ಏಳು ವರ್ಷ, ತಮ್ಮ ಕರುಣಾಕರನಿಗೆ ಮೂರು. ಅಮ್ಮ ಬೆಳಗಿನ ಪಾಳಿಗೆ ಮೊದಲ ಬಸ್ಸು ಹಿಡಿದು ಹೋದರೆ ಮೂರು ಗಂಟೆಗೆ ತಿರುಗಿ ಬರುತ್ತಿದ್ದಳು. ಅಲ್ಲಿಯವರೆಗೆ ತಮ್ಮನೂ, ಶಾಲೆಯಿಲ್ಲದ ದಿನ ನಾನೂ ಪಕ್ಕದ ಮನೆಯ ಅಪೊಲೋನಿಯಾ ಬಾಯಿಯ ಕಣ್ಗಾವಲಿನಲ್ಲಿ. ಬಂದವಳು ಉಂಡು, ತಮ್ಮನನ್ನು ಮಲಗಿಸಿ, ಚಾವಡಿಯ ಕಿಟಕಿಯ ಹತ್ತಿರ ಗಾಜು ಇಟ್ಟುಕೊಂಡು ಕೂರುತ್ತಿದ್ದಳು.

ಅವಳದು ಗಾಜಿನ ಮೇಲೆ ಚಿತ್ರ ಬರೆಯುವ ಕೆಲಸ. ಕಾರ್ಕಳದ ತವರಿನಲ್ಲಿದ್ದಾಗ, ಸಂತರ ಪಟಗಳನ್ನು ಬರೆದು ಮಾರುತ್ತಿದ್ದ ಕಜೆಟನ್ ಎಂಬ ಮುದುಕರ ಅಂಗಡಿಯಲ್ಲಿ ಕೂತು ಕಲಿತದ್ದು. ಈ ಚಿತ್ರ ಬರೆಯುವುದು ಗಾಜಿನ ಬೆನ್ನಿಗೆ, ನೋಡುವುದು ಮುಂದಿನಿಂದ. ಹಾಗಾಗಿ ಎಲ್ಲವೂ ತಿರುಗಾಮುರುಗಾ. ಕಣ್ಣಿನ ಹೊಳಪು ಮೊದಲು, ಮುಖದ ಬಣ್ಣ ಆಮೇಲೆ, ಹಿಂದಿನ ಗೋಡೆ ಕೊನೆಗೆ. ಒಮ್ಮೆ ತಪ್ಪಿದರೆ ಒರೆಸಿ ತಿದ್ದುವ ಹಾಗಿಲ್ಲ. ಅಮ್ಮ ತೆಳು ಹಾಳೆಯಲ್ಲಿ ದೇವರನ್ನು ಸರಿಯಾಗಿ ಬರೆದು, ಹಾಳೆಗೆ ತೆಂಗಿನೆಣ್ಣೆ ಸವರುತ್ತಿದ್ದಳು. ಎಣ್ಣೆ ಕುಡಿದ ಹಾಳೆಯಲ್ಲಿ ಗೆರೆಗಳು ಎರಡೂ ಬದಿಗೆ ಒಂದೇ ಹಾಗೆ ಕಾಣುತ್ತವೆ. ಅದನ್ನು ಮಗುಚಿ ಗಾಜಿನ ಅಡಿಗಿಟ್ಟು, ಕಂಡ ಗೆರೆಯ ಮೇಲೆಯೇ ಕುಂಚ ಎಳೆಯುವುದು. "ಗಾಜಿನ ಮುಂದೆ ಕೂತ ಮೇಲೆ ತಲೆಯನ್ನು ನಂಬಬೇಡ, ಹಾಳೆಯನ್ನು ನಂಬು" ಎಂದು ಕಜೆಟನ್ ಹೇಳಿಕೊಟ್ಟಿದ್ದರಂತೆ. ಅಮ್ಮ ಗುರುವಿನ ಮಾತು ಮೀರಿದವಳಲ್ಲ.

ದುಬೈಯಿಂದ ಬಂದು ಮನೆ ಕಟ್ಟಿಸಿದವರು ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಗಣಪತಿ ಬರೆಸುತ್ತಿದ್ದರು. ಆದರೂ ಊರಿನವರ ಬಾಯಲ್ಲಿ ಅದು "ಪಂಕಜ ಹೊತ್ತು ಹೋಗಲಿಕ್ಕೆ ಎಂತದೋ ಮಾಡುತ್ತಾಳೆ" ಎಂದೇ. ಹೊತ್ತು ಹೋಗಲು! ಎರಡು ಮಕ್ಕಳು, ಸರ್ಕಾರಿ ಕೆಲಸ, ಕಾಪು ಉಡುಪಿ ಬಸ್ಸಿನ ನೂಕುನುಗ್ಗಲು, ಇಷ್ಟೆಲ್ಲ ಇದ್ದವಳಿಗೆ ಹೊತ್ತು ಹೋಗುತ್ತಿರಲಿಲ್ಲವಂತೆ. ಈ ಮಾತು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಂಥದ್ದರಲ್ಲಿ ಮಣಿಪಾಲದಲ್ಲಿ ಹೊಸ ಹೋಟೆಲು ತೆರೆಯಲಿದ್ದ ಯಜ್ಞನಾರಾಯಣ ಭಟ್ಟರು ಮನೆಗೇ ಬಂದು, ಗಲ್ಲಾದ ಮೇಲೆ ತೂಗಲು ಉಡುಪಿ ಕೃಷ್ಣನ ಎರಡೂವರೆ ಅಡಿಯ ಚಿತ್ರ ಬೇಕೆಂದರು. ಅಷ್ಟು ದೊಡ್ಡದನ್ನು ಅಮ್ಮ ಬರೆದದ್ದೇ ಇಲ್ಲ. ಊರೂರಿನ ಜನ ಬಂದು ಕೂರುವ ಜಾಗ. ಅಲ್ಲಿ ತನ್ನ ಚಿತ್ರ ತೂಗಿದರೆ ತಾನೂ ಒಬ್ಬಳು ಚಿತ್ರಗಾರ್ತಿ ಎಂದಾಗುತ್ತದೆ. ಅವಳು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ವಾರ ನಮಗೆ ಒಂದು ಬೈಗುಳವೂ ಬೀಳಲಿಲ್ಲ.

ಒಂದು ಶನಿವಾರ ಹಾಳೆಯನ್ನು ಮಗುಚಿ, ಗಾಜಿನ ಅಡಿಗೆ ಸೇರಿಸಿ, ನಾಲ್ಕು ಮೂಲೆಗೂ ಕ್ಲಿಪ್ಪು ಹಾಕಿ ಅವಳು ಪಾಳಿಗೆ ಹೋದಳು. ಮಧ್ಯಾಹ್ನ ಶಾಲೆಯಿಂದ ಬಂದ ನಾನು ನೋಡಿದೆ. ಕೃಷ್ಣನ ಕಡೆಗೋಲು ಎಡಗೈಯಲ್ಲಿತ್ತು! ಇರಬೇಕಾದದ್ದು ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಕಿಂಡಿಯಿಂದ ನೋಡಿದ ಉಡುಪಿಯ ಯಾವ ಮಗುವಿಗೆ ಇದು ಗೊತ್ತಿಲ್ಲ? ಪಾಪ, ಅಮ್ಮನಿಗೆ ಗಡಿಬಿಡಿಯಲ್ಲಿ ತಪ್ಪಿತೆಂದು, ಕ್ಲಿಪ್ಪು ತೆಗೆದು ಹಾಳೆಯನ್ನು ತಿರುಗಿಸಿ ಮತ್ತೆ ಕ್ಲಿಪ್ಪು ಹಾಕಿಟ್ಟೆ. ದೊಡ್ಡ ಉಪಕಾರ ಮಾಡಿದ ಹೆಮ್ಮೆಯಲ್ಲಿ ಆಡಲು ಓಡಿದೆ.

ಅಮ್ಮ ದಿನಕ್ಕೊಂದು ಗಂಟೆ ಕೂತಳು. ಒಂದು ದಿನ ಕಿರೀಟ, ಒಂದು ದಿನ ಕಣ್ಣು, ಮತ್ತೊಂದು ದಿನ ತಮ್ಮನಿಗೆ ಜ್ವರ ಬಂದು ಏನೂ ಇಲ್ಲ. ತಿಂಗಳಾದ ಮೇಲೆ ಹಿಂದಿನ ಬಣ್ಣ ಒಣಗಿತು. ಅಪ್ಪ ಗಾಜನ್ನು ಎತ್ತಿ ಅವಳ ಕಡೆಗೆ ತಿರುಗಿಸಿ, "ಚಂದ ಉಂಟು ಮಾರಾಯ್ತಿ" ಎಂದರು. ಅಮ್ಮ ತನ್ನ ಬಲಗೈಯನ್ನೊಮ್ಮೆ, ಗಾಜನ್ನೊಮ್ಮೆ ನೋಡಿದಳು. ಆಮೇಲೆ ನಾನೂ ನೋಡಿದೆ. ಕಡೆಗೋಲು ಎಡಗೈಯಲ್ಲಿತ್ತು. ನಾನು ತಿರುಗಿಸಿಟ್ಟ ಹಾಳೆ ನೆನಪಾಯಿತು.

ಭಟ್ಟರು ಒಳ್ಳೆಯವರು. "ಕಳೆ ಉಂಟಮ್ಮ ಮುಖದಲ್ಲಿ. ಆದರೆ ಉಡುಪಿಯವರು ಬರುವ ಹೋಟೆಲು, ಅಲ್ವಾ? ಕಾಫಿಗಿಂತ ಮೊದಲು ಅವರ ಕಣ್ಣು ಹೋಗುವುದು ಕಡೆಗೋಲಿಗೆ" ಎಂದು ಕೈ ಮುಗಿದರು. ಮಣಿಪಾಲಕ್ಕೆ ಒಯ್ದ ಚಿತ್ರ ಬಸ್ಸಿನಲ್ಲೇ ವಾಪಸು ಬಂದು ಅಕ್ಕಿ ಡಬ್ಬಿಯ ಹಿಂದೆ ಗೋಡೆಗೆ ಮುಖ ಮಾಡಿ ಕೂತಿತು.

"ನನ್ನಿಂದ ಇನ್ನು ಆಗುವುದಿಲ್ಲ" ಎಂದಳು ಅಮ್ಮ. "ಹಾಳೆ ಮಗುಚುವುದನ್ನೇ ಮರೆತೆನೆಂದರೆ ನನ್ನ ತಲೆ ಎಲ್ಲಿತ್ತು? ಕೆಲಸ, ಮಕ್ಕಳು, ಇದು. ಒಂದನ್ನು ಬಿಡಬೇಕು. ಮಕ್ಕಳನ್ನು ಬಿಡಲಿಕ್ಕೆ ಆಗುತ್ತದಾ?" ಅಪ್ಪ ಸಮಾಧಾನ ಹೇಳಿದರು, ಕೇಳಲಿಲ್ಲ. ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಸುತ್ತಿ ಕಪಾಟಿನ ಮೇಲೆ ಹಾಕಿದಳು. ಮಧ್ಯಾಹ್ನ ನಮ್ಮೊಂದಿಗೆ ಮಲಗತೊಡಗಿದಳು. ಅಮ್ಮ ಪಕ್ಕದಲ್ಲಿ ಮಲಗಬೇಕೆಂದು ಎಷ್ಟೋ ದಿನ ಅತ್ತವಳು ನಾನೇ. ಈಗ ಅವಳು ಮಲಗಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹೇಳಿದರೆ ನನ್ನ ಬೆನ್ನು ಉಳಿಯುವುದಿಲ್ಲ ಎಂಬ ಹೆದರಿಕೆ ಒಂದು ಕಡೆ, ಹೇಳದಿದ್ದರೆ ಅವಳು ಮತ್ತೆ ಕುಂಚ ಹಿಡಿಯುವುದಿಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಒಂದು ದಿನ ಅಪೊಲೋನಿಯಾ ಬಾಯಿ ಕಿಟಕಿಯ ಸರಳಿಗೆ ಬಳಿಯಲು ಸ್ವಲ್ಪ ಬಣ್ಣ ಉಂಟಾ ಎಂದು ಕೇಳಿದರು. ಅಮ್ಮ ಡಬ್ಬಿಗಳನ್ನು ಬುಟ್ಟಿಯ ಸಮೇತ ಕೊಟ್ಟುಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ನಾನು ಹೊರಗೆ ಬಂದು ನೋಡುತ್ತೇನೆ, ಅಮ್ಮ ಮೂರು ಬಣ್ಣ ಬೆರೆಸಿ, ಎರಡು ಸಲ ಚೆಲ್ಲಿ, ಮೂರನೆಯ ಸಲ ಹದಗೊಳಿಸಿದ ಕೃಷ್ಣನ ನೀಲಿ, ಬಾಯಿಯ ಕಿಟಕಿಗೆ ಏರುತ್ತಿದೆ! ಎರಡು ಸರಳು ಆಗಿಹೋಗಿತ್ತು.

ಒಳಗೆ ಓಡಿದೆ. "ಅಮ್ಮಾ, ನೀನು ಮರೆತದ್ದಲ್ಲ! ನೀನು ಮಗುಚಿಯೇ ಇಟ್ಟಿದ್ದೆ. ಹಾಳೆ ತಿರುಗಿಸಿದ್ದು ನಾನು."

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. "ಇನ್ನೊಮ್ಮೆ ಹೇಳು" ಎಂದಳು. ಹೇಳಿದೆ. ಬೆನ್ನಿಗೆ ಒಂದು ಪೆಟ್ಟು ಬಿತ್ತು, ಒಂದೇ. ಆಮೇಲೆ ನನ್ನನ್ನು ಎಳೆದು ಅಪ್ಪಿಕೊಂಡು, "ನಾನು ಮರೆತದ್ದಲ್ಲ, ಅಲ್ವಾ? ನಾನು ಸರಿಯಾಗಿಯೇ ಇಟ್ಟಿದ್ದೆ, ಅಲ್ವಾ?" ಎಂದು ಕೇಳಿದ್ದನ್ನೇ ಕೇಳಿದಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಮರುಕ್ಷಣ ಸೆರಗು ಸಿಕ್ಕಿಸಿಕೊಂಡು ಬೇಲಿಯ ಹತ್ತಿರ ನಿಂತು ಕೂಗಿದಳು. "ಬಾಯಿ, ಸಾಕು ಸಾಕು! ಉಳಿದ ನೀಲಿ ತನ್ನಿ!"

ಅಪೊಲೋನಿಯಾ ಬಾಯಿಯ ಕಿಟಕಿಯಲ್ಲಿ ಎರಡು ಸರಳು ನೀಲಿ, ಉಳಿದವು ತುಕ್ಕು. ಬಹಳ ವರ್ಷ ಹಾಗೆಯೇ ಇತ್ತು.

ಅದರ ಮುಂದಿನ ಭಾನುವಾರ ತಮ್ಮನ ಕೂದಲು ತೆಗೆಸಲು ಪೇಟೆಯ ಅಣ್ಣುವಿನ ಕ್ಷೌರದಂಗಡಿಗೆ ಹೋದೆವು. ತಮ್ಮ ಊರಿಗೆಲ್ಲ ಕೇಳುವ ಹಾಗೆ ಅರಚುತ್ತಿದ್ದರೆ ಅಮ್ಮ ಎದುರಿನ ದೊಡ್ಡ ಕನ್ನಡಿಯನ್ನೇ ನೋಡುತ್ತಿದ್ದಳು. "ಅಣ್ಣು, ನಿನ್ನ ಹಿಂದಿನ ಗೋಡೆ ಖಾಲಿ ಉಂಟಲ್ಲ?" ಎಂದಳು. "ಉಂಟಕ್ಕ, ಎಂತಕ್ಕೆ?" ಎಂದ ಅವನು.

ಆ ಗೋಡೆಯಿಂದಲೇ ಅವಳ ನಿಜವಾದ ವ್ಯಾಪಾರ ಶುರುವಾದದ್ದು. ಅಣ್ಣುವಿನ ಅಂಗಡಿ ನೋಡಿದ ಹಿರಿಯಡ್ಕದವರು, ಅಜೆಕಾರಿನವರು, ಕಾರ್ಕಳದವರು, ಕತ್ತರಿ ಹಿಡಿದವರೆಲ್ಲ ಅಂಥದ್ದೇ ಬೇಕೆಂದರು. ಹಾಳೆ ಮಗುಚದೆ ಇಡುವುದಕ್ಕೆ ನಮ್ಮ ಮನೆಯಲ್ಲಿ "ಸ್ವರ್ಣನ ಕ್ರಮ" ಎಂದೇ ಹೆಸರು. ಆ ಸ್ವರ್ಣ, ಅಂದರೆ ಸ್ವರ್ಣಲತಾ, ನಾನೇ. ಎಂಬತ್ತೆಂಟರಲ್ಲಿ ಭಟ್ಟರೂ ಮತ್ತೆ ಬಂದು, ಬಲಗೈಯ ಕಡೆಗೋಲಿನ ಕೃಷ್ಣನನ್ನು ಬರೆಸಿಕೊಂಡು ಹೋದರು. ಆಗಲೂ ಅಮ್ಮ ಬೆಳಗಿನ ಪಾಳಿಗೆ ಮೊದಲ ಬಸ್ಸನ್ನೇ ಹಿಡಿಯುತ್ತಿದ್ದಳು.

ಆದರೆ ನನಗೆ ನೆನಪಾಗುವುದು ಅಕ್ಕಿ ಡಬ್ಬಿಯ ಹಿಂದಿದ್ದ ಆ ಮೊದಲ ಚಿತ್ರವನ್ನು ಅಣ್ಣುವಿನ ಗೋಡೆಗೆ ತೂಗಿದ ದಿನ. ನಾನು ತಲೆ ತಗ್ಗಿಸಿ ಬಾಗಿಲ ಬಳಿ ನಿಂತಿದ್ದೆ. ಅಮ್ಮ ನನ್ನನ್ನು ಎತ್ತಿ ಕ್ಷೌರದ ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ಮುಖವನ್ನು ಕನ್ನಡಿಗೆ ತಿರುಗಿಸಿದಳು. ಕನ್ನಡಿಯಲ್ಲಿ ನಮ್ಮಿಬ್ಬರ ತಲೆಯ ಮೇಲೆ ನೀಲಿ ಕೃಷ್ಣ ನಿಂತಿದ್ದ. ಕಡೆಗೋಲು ಬಲಗೈಯಲ್ಲಿತ್ತು.

"ನೋಡು" ಎಂದಳು ಅಮ್ಮ, ಟೆಲಿಫೋನಿನ ಆ ಸ್ವರದಲ್ಲಿ. "ನೀನು ಸರಿ ಮಾಡಿಟ್ಟದ್ದು."