ಅತ್ತೆ ಮನೆಯಲ್ಲಿದ್ದಾಗ ಬೆಚ್ಚಗಿದ್ದ ಬಾವಿ

ಐವತ್ತರ ದಶಕದ ಕೊನೆಯಲ್ಲಿ, ಕುಬಟೂರಿನ ಹತ್ತಿರದ ನಮ್ಮೂರಿಗೆ ಭೂಗರ್ಭ ಇಲಾಖೆಯ ಸಾಹೇಬರೊಬ್ಬರು ಬಂದರು. ನಮ್ಮ ಹಿತ್ತಲ ಬಾವಿಯ ನೀರು ಬೆಚ್ಚಗಿದೆಯೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ನಮ್ಮ ಗುಡ್ಡದ ಕಲ್ಲು ಯಾವ ಕಾಲದಲ್ಲೋ ಜ್ವಾಲಾಮುಖಿ ಉಗುಳಿದ್ದಂತೆ. ಅಡಿಯಲ್ಲಿ ಇನ್ನೂ ಬಿಸಿ ಇದೆಯೇ ನೋಡಬೇಕಂತೆ. ಒಂದು ಥರ್ಮಾಮೀಟರು, ಒಂದು ಪುಸ್ತಕ ಕೊಟ್ಟು, ದಿನಾ ಬೆಳಿಗ್ಗೆ ಅಳೆದು ಬರೆಯಿರಿ ಎಂದರು. ಮಾವನಿಗೆ ಇಂಗ್ಲಿಷ್ ಅಂಕಿ ಬಾರದು. ಅಳೆದು ಬರೆಯುವವಳು ನಾನು, ಸಹಿ ಅವರದು.

ಅಂಕಿ ದಿನವೂ ಮೇಲೆಯೇ ಇತ್ತು. ನಮ್ಮದು ಬಿಸಿನೀರ ಬುಗ್ಗೆಯೆಂದು ಮಾವ ಸೊರಬದ ಸಂತೆಯಲ್ಲೆಲ್ಲ ಸಾರಿ ಬಂದರು.

ಸಂಕ್ರಾಂತಿ ಕಳೆದ ಮೇಲೆ ಅತ್ತೆ ನೆಂಟರ ಮದುವೆಗೆಂದು ಈಸೂರಿಗೆ ಹೋದರು. ಅಂಕಿ ಇಳಿಯಿತು. ನಾಲ್ಕು ದಿನ ಬಿಟ್ಟು ಬಂದರು, ಏರಿತು. ಬಾವಿಗೂ ಅತ್ತೆಗೂ ಎಂಥ ನಂಟು? ನಾನು ಮೊದಲೇ ಹಟಮಾರಿ. ಮರುದಿನ ಬೇಗ ಎದ್ದು ಬಚ್ಚಲಿಗೆ ಇಣುಕಿದೆ. ಅತ್ತೆ ಥರ್ಮಾಮೀಟರನ್ನೂ ನಾನು ನೀರು ಅಳೆಯುವ ಹಿತ್ತಾಳೆ ಚೊಂಬನ್ನೂ ಹಂಡೆಯ ಬಿಸಿನೀರಿನಲ್ಲಿ ಅದ್ದುತ್ತಿದ್ದರು.

"ಇದೇನತ್ತೆ?"

"ಜ್ವರದ ಕಡ್ಡಿ ಅಲ್ಲೇನೆ ಇದು? ಯಾರ್ಯಾರ ಬಾಯಾಗ ಇಟ್ಟಿದ್ರೋ ಏನೋ. ಲಿಂಗಪೂಜೆ ನೀರೂ ಇದೇ ಚೊಂಬಿನಾಗೆ ತರಾದು, ಮೈಲಿಗೆ ಆಗಬಾರ್ದಲ್ಲ!"

ಇಷ್ಟು ದಿನ ನಾನು ಅಳೆದದ್ದು ಆ ಕಾದ ಚೊಂಬಿಗೆ ಸುರಿದ ನೀರನ್ನು! ಮೊದಲು ನಗು ಬಂತು, ಆಮೇಲೆ ಅಳು. ಮೂರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಥರ್ಮಾಮೀಟರು ಯಾರ ಬಾಯಿಗೂ ಹೋದದ್ದಲ್ಲವೆಂದು ಅತ್ತೆಯನ್ನು ಒಪ್ಪಿಸಿ, ಗಿಂಡಿಯಲ್ಲಿಟ್ಟು ಹಗ್ಗ ಕಟ್ಟಿ ಬಾವಿಗೇ ಇಳಿಸಿದೆ. ಪಕ್ಕದ ಮನೆಯ ಬಾವಿಗೂ ಇಳಿಸಿದೆ. ಹದಿನೈದು ದಿನವೂ ಎರಡರ ಅಂಕಿಯೂ ಒಂದೇ; ನಮ್ಮದೂ ಎಲ್ಲರ ಬಾವಿಯಂಥದ್ದೇ.

ಮಾವ ಸಿಡುಕಿದರು. "ಸುಮ್ನಿರು. ನಾನು ಸಂತೇಲಿ ತಲೆ ಎತ್ತಿ ತಿರುಗ್ಬೇಕೋ ಬ್ಯಾಡೋ?"

"ತಪ್ಪು ಬರೆದ ಕೈ ನಂದು, ಮಾವ. ಸಾಹೇಬ್ರಿಗೆ ನಾನೇ ಹೇಳ್ತೀನಿ."

ನಾನು ಬಿಡಲಿಲ್ಲ. ಸಾಹೇಬರು ಬಂದ ದಿನ ಅವರೆದುರೇ ನಡೆದದ್ದನ್ನೆಲ್ಲ ಹೇಳಿ, ಹಳೆಯ ಪುಟಗಳ ಮೇಲೆ 'ತಪ್ಪು' ಎಂದು ಬರೆದು, ಸಹಿಗೆ ಮಾವನ ಕಡೆ ಚಾಚಿದೆ. ಅವರು ಮುಖ ತಿರುಗಿಸಿದರು. ನಾನೇ ಹಾಕಿದೆ. ಆ ಮನೆಗೆ ಬಂದ ಮೇಲೆ ನನ್ನ ಹೆಸರನ್ನು ನಾನು ಬರೆದದ್ದು ಅದೇ ಮೊದಲು.

"ಬಿಸಿ ಇಲ್ಲ ಅನ್ನೋದೂ ನಮಗೆ ಬೇಕಾದ ವಿಷಯವೇ ರೀ," ಎಂದ ಸಾಹೇಬರು ಮಾವನನ್ನು ಕೇಳಿದರು, "ಇದು ಯಾರ ಸಹಿ, ಯಜಮಾನ್ರೇ?"

ಮಾವ ಪುಸ್ತಕದತ್ತ ಬಗ್ಗಿ ನೋಡಿದರು.

"ನಮ್ಮ ಸೊಸೇದು ರೀ. ಅಳೆಯೋಳು ಮೊದ್ಲಿಂದ ಅವಳೇ."

ಹೊಸ ಪುಸ್ತಕವನ್ನು ಸಾಹೇಬರು ನನ್ನ ಕೈಗೇ ಕೊಟ್ಟರು.